ಮೂಲವೊಂದೇ, ಬೇಡಿಕೆ ಬೇರೆ

ಹದಿನಾರು, ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರ ಮೊದಲಾದ ನಮ್ಮ ಸೀಮೆಯ ಊರುಗಳಿಗೆ ಕಂಪ್ಯೂಟರು ಬರುವ ದಾರಿ ಬಹುಮಟ್ಟಿಗೆ ಒಂದೇ. ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗದಲ್ಲಿರುವ ಮಗನೋ ಅಳಿಯನೋ ಹೊಸದನ್ನು ಕೊಂಡಾಗ, ಹಳೆಯದು ಊರಿನ ಮನೆಗೆ ಬರುವುದು. ಅದರಲ್ಲಿ ಮೊಮ್ಮಕ್ಕಳು ಪಾಠ ಓದುವರು, ಹಿರಿಯರು ಪತ್ರ ಬರೆಯುವರು. ಹೀಗಿರಲಾಗಿ ಒಂದು ದಿನ, ಯಾರೋ ಒಳ್ಳೆಯದೆಂದು ಹೇಳಿದ ಹೊಸ ತಂತ್ರಾಂಶವೊಂದನ್ನು ಅದರಲ್ಲಿ ಅಳವಡಿಸಹೋದರೆ, ಯಂತ್ರವು ಒಪ್ಪುವುದಿಲ್ಲ. ‘ಲಿಬ್‌ಸಿ೬ ಎಂಬುದರ ೨.೩೪ನೆಯ ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಇಲ್ಲಿ ಅದಿಲ್ಲ’ ಎಂಬರ್ಥದ ಒಂದು ಸಾಲನ್ನು ತೋರಿಸಿ ಸುಮ್ಮನಾಗುವುದು. ಮನೆಯವರು ಯಂತ್ರಕ್ಕೆ ವಯಸ್ಸಾಯಿತೆಂದು ತೀರ್ಮಾನಿಸಿ ಅದನ್ನು ಅಟ್ಟಕ್ಕೇರಿಸುವರು. ಎಷ್ಟೋ ಸಲ ಈ ತೀರ್ಮಾನವು ಅವಸರದ್ದೆಂದು ನಾವು ಹೇಳುತ್ತೇವೆ.

ಆ ೨.೩೪ ಎಂಬ ಅಂಕೆಯನ್ನು ಬರೆದವರು ಯಾರು? ತಂತ್ರಾಂಶವನ್ನು ರಚಿಸಿದವನೇ ಬರೆದಿರಬೇಕೆಂದು ಹೆಚ್ಚಿನವರು ಊಹಿಸುವರು. ಆದರೆ ಅವನು ಬರೆದ ಮೂಲವನ್ನು ಮೊದಲಿನಿಂದ ಕಡೆಯವರೆಗೆ ಓದಿದರೂ ಅನೇಕ ವೇಳೆ ಆ ಅಂಕೆಯು ಎಲ್ಲಿಯೂ ಕಾಣುವುದಿಲ್ಲ. ಮೂಲದಿಂದ ತಂತ್ರಾಂಶವನ್ನು ಕಟ್ಟಿದ ಮನೆ ಯಾವುದೋ, ಆ ಮನೆಯೇ ಆ ಅಂಕೆಯನ್ನು ಬರೆದಿರುತ್ತದೆ. ಇದು ಹೇಗೆ, ಇದರಿಂದ ನಮ್ಮಂತಹ ಗೃಹಸ್ಥರಿಗೆ ಆಗುವ ಪ್ರಯೋಜನವೇನು, ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ನಾಲ್ಕು ಮಾತುಗಳ ಅರ್ಥವನ್ನು ತಿಳಿಯಬೇಕು. ತಂತ್ರಾಂಶವನ್ನು ಮನುಷ್ಯರು ಓದಿ ತಿದ್ದಬಹುದಾದ ಭಾಷೆಯಲ್ಲಿ ಬರೆದಿಟ್ಟಿರುವುದು ‘ಮೂಲ’. ಅದನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತಿರುಗಿಸುವ ಸಾಧನ ‘ಕಂಪೈಲರು’. ಕಡತವನ್ನು ತೆರೆಯುವುದು, ಗಂಟೆ ನೋಡುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು ಮೊದಲಾದ ಕೆಲಸಗಳು ಎಲ್ಲ ತಂತ್ರಾಂಶಗಳಿಗೂ ಬೇಕಾದುವು. ಪ್ರತಿಯೊಬ್ಬ ಕರ್ತೃವೂ ಇವನ್ನು ಹೊಸದಾಗಿ ಬರೆಯುತ್ತ ಕುಳಿತರೆ ಆಯುಷ್ಯ ಸಾಲದು. ಆದುದರಿಂದ ಇವನ್ನು ಒಮ್ಮೆ ಬರೆದು ಎಲ್ಲರ ಉಪಯೋಗಕ್ಕೆ ಇಟ್ಟಿರುತ್ತಾರೆ. ಇದಕ್ಕೆ ‘ಲೈಬ್ರರಿ’ ಎಂದು ಹೆಸರು. ಹೀಗೆ ಕಟ್ಟಿ ಸಿದ್ಧವಾದ ತಂತ್ರಾಂಶವನ್ನು, ಅದಕ್ಕೆ ಇನ್ನೇನೇನು ಬೇಕೆಂಬ ಪಟ್ಟಿಯೊಡನೆ ಒಂದು ಪೊಟ್ಟಣವಾಗಿ ಮಾಡಿದರೆ ಅದು ‘ಪ್ಯಾಕೇಜು’. ಆ ಪಟ್ಟಿಯಲ್ಲಿರುವ ಬೇಡಿಕೆಗಳನ್ನೇ ಅವಲಂಬನೆಗಳೆಂದು ಕರೆಯುವರು.

ನಮ್ಮ ಮನೆಗಳಲ್ಲಿ ಯುಗಾದಿಯ ದಿನ ಹೊಸ ಪಂಚಾಂಗವನ್ನು ಪೂಜೆಮಾಡಿ ಓದುವ ಪದ್ಧತಿಯುಂಟಷ್ಟೆ. ಪಂಚಾಂಗದ ಗಣಿತಕ್ಕೆ ಆಧಾರವಾದ ಸಿದ್ಧಾಂತವು ಒಂದೇ ಆಗಿದ್ದರೂ, ಮೈಸೂರಿನ ಒಂಟಿಕೊಪ್ಪಲಿನ ಪಂಚಾಂಗದಲ್ಲಿ ಕೊಟ್ಟ ಸೂರ್ಯೋದಯವು ಕಾಶಿಯ ಪಂಚಾಂಗದ ಸೂರ್ಯೋದಯವಾಗಿರುವುದಿಲ್ಲ. ಸಿದ್ಧಾಂತವನ್ನು ಬರೆದ ಆಚಾರ್ಯನು ಮೈಸೂರಿನ ಹೆಸರನ್ನು ಎತ್ತಿರುವುದಿಲ್ಲ. ಗಣಿತ ಮಾಡಿದವನು ಕುಳಿತ ಸ್ಥಳದ ಅಕ್ಷಾಂಶ ರೇಖಾಂಶಗಳು ಗಣಿತದೊಳಕ್ಕೆ ತಾವಾಗಿ ಬಂದು ಸೇರಿರುತ್ತವೆ. ತಂತ್ರಾಂಶದ ಮೂಲವೆಂಬುದು ಸಿದ್ಧಾಂತದಂತೆ, ಪ್ಯಾಕೇಜು ಪಂಚಾಂಗದಂತೆ. ಮೂಲವು ಯಾವ ಊರಿನದೂ ಅಲ್ಲ. ಪ್ಯಾಕೇಜಿಗೆ ಮಾತ್ರ ಒಂದು ಸ್ಥಳ, ಒಂದು ಕಾಲ ಉಂಟು.

ಈ ಕೆಲಸವು ನಡೆಯುವ ಕ್ರಮವನ್ನು ನೋಡಲು ಡೆಬಿಯನ್ ಎಂಬ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದನ್ನು ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದರು. ಹಣ ಕೊಡದೆ ಯಾರಾದರೂ ಪಡೆಯಬಹುದು. ಮೂಲವನ್ನು ಯಾರಾದರೂ ಓದಬಹುದು. ಇದನ್ನು ಯಂತ್ರದಲ್ಲಿ ಅಳವಡಿಸುವಾಗ ಬರುವ ಪ್ರಶ್ನೋತ್ತರಗಳನ್ನು ಕನ್ನಡದಲ್ಲಿಯೇ ನಡೆಸಲು ಅನುಕೂಲವಿದೆ. ಅನೇಕ ಮನೆಗಳಲ್ಲಿ ಹೆಸರು ಕೇಳಿರುವ ಉಬುಂಟು ಎಂಬುದೂ ಈ ಡೆಬಿಯನ್ನಿನ ಕವಲೇ.

ಡೆಬಿಯನ್ನಿನಲ್ಲಿ ಪ್ರತಿಯೊಂದು ಮೂಲದೊಡನೆಯೂ ‘ಕಂಟ್ರೋಲ್’ ಎಂಬ ಒಂದು ಕಡತವಿರುವುದು. ಅದರಲ್ಲಿ ಎರಡು ಪಟ್ಟಿಗಳುಂಟು. ಕಟ್ಟುವಾಗ ಏನೇನು ಬೇಕು ಎಂಬುದು ಮೊದಲನೆಯದು. ಕಟ್ಟಿದ ಮೇಲೆ ನಡೆಸುವಾಗ ಏನೇನು ಬೇಕು ಎಂಬುದು ಎರಡನೆಯದು. ಮೊದಲನೆಯ ಪಟ್ಟಿಯನ್ನು ಪ್ಯಾಕೇಜಿನ ಹೊಣೆ ಹೊತ್ತವನು ಕೈಯಾರೆ ಬರೆಯುತ್ತಾನೆ. ಎರಡನೆಯದರಲ್ಲಿ ಮಾತ್ರ ಅವನು ಲೈಬ್ರರಿಗಳ ಹೆಸರನ್ನಾಗಲಿ ಅಂಕೆಯನ್ನಾಗಲಿ ಬರೆಯದೆ, ‘ಇಲ್ಲಿ ಲೆಕ್ಕಮಾಡಿ ತುಂಬತಕ್ಕದ್ದು’ ಎಂಬರ್ಥದ ಒಂದು ಗುರುತನ್ನು ಇಟ್ಟು ಜಾಗ ಬಿಟ್ಟಿರುತ್ತಾನೆ. ಮದುವೆಯ ಸಾಮಾನಿನ ಪಟ್ಟಿಯಲ್ಲಿ ಅಡಿಗೆಯವನು ಬರುವವರೆಗೂ ಅಕ್ಕಿಯ ಮುಂದೆ ಜಾಗ ಬಿಡುವಂತೆ ಇದು.

ಆ ಜಾಗವು ತುಂಬುವ ಬಗೆ ಹೀಗೆ. ಕಂಪೈಲರು ಮೂಲವನ್ನು ಯಂತ್ರರೂಪಕ್ಕೆ ತಿರುಗಿಸುತ್ತದೆ. ಆಮೇಲೆ ಲಿಂಕರ್ ಎಂಬ ಸಾಧನವು, ಆ ತಂತ್ರಾಂಶವು ಹೊರಗಿನಿಂದ ಕೇಳುವ ಒಂದೊಂದು ಕಾರ್ಯದ ಹೆಸರನ್ನೂ ಆ ಮನೆಯಲ್ಲಿರುವ ಲೈಬ್ರರಿಗಳಲ್ಲಿ ಹುಡುಕಿ, ಆ ಹೆಸರುಗಳನ್ನೂ ಬೇಕಾದ ಲೈಬ್ರರಿಗಳ ಹೆಸರುಗಳನ್ನೂ ಕಟ್ಟಿದ ಕಡತದೊಳಗೆ ಬರೆದಿಡುತ್ತದೆ. ಕೆಲವು ಲೈಬ್ರರಿಗಳಲ್ಲಿ ಹೆಸರಿನ ಜೊತೆಗೆ ಆವೃತ್ತಿಯ ಮುದ್ರೆಯೂ ಇರುವುದರಿಂದ ಅದನ್ನೂ ಬರೆಯುತ್ತದೆ. ಅನಂತರ ಡೆಬಿಯನ್ನಿನ ‘ಶ್‌ಲಿಬ್‌ಡೆಪ್ಸ್’ ಎಂಬ ಉಪಕರಣವು ಬಂದು ಈ ಬರಹವನ್ನು ಓದುತ್ತದೆ. ಲೈಬ್ರರಿಯ ಪ್ಯಾಕೇಜುಗಳೊಡನೆ ಬಹುಮಟ್ಟಿಗೆ ‘ಸಿಂಬಲ್ಸ್’ ಎಂಬ ಒಂದು ನಿಘಂಟು ಇರುವುದು. ಯಾವ ಹೆಸರು ಯಾವ ಆವೃತ್ತಿಯಲ್ಲಿ ಮೊದಲು ಕಾಣಿಸಿತು ಎಂಬುದು ಅದರಲ್ಲಿ ಸಾಲುಸಾಲಾಗಿ ಬರೆದಿದೆ. ಉಪಕರಣವು ತಂತ್ರಾಂಶವು ಉಪಯೋಗಿಸಿದ ಹೆಸರುಗಳನ್ನು ಮಾತ್ರ ಆ ನಿಘಂಟಿನಲ್ಲಿ ನೋಡಿ, ಅವುಗಳಲ್ಲಿ ಎಲ್ಲಕ್ಕಿಂತ ಹೊಸದಾಗಿ ಹುಟ್ಟಿದ ಹೆಸರಿನ ಆವೃತ್ತಿಯನ್ನು ಆರಿಸುತ್ತದೆ. ಬಿಟ್ಟ ಜಾಗದಲ್ಲಿ ಬಂದು ಕೂರುವ ಅಂಕೆ ಅದೇ. ನಿಘಂಟು ಇಲ್ಲದ ಲೈಬ್ರರಿಯಾದರೆ ‘ಶ್‌ಲಿಬ್ಸ್’ ಎಂಬ ಇನ್ನೊಂದು ಕಡತದಲ್ಲಿ ಎಲ್ಲ ಹೆಸರುಗಳಿಗೂ ಸೇರಿಸಿ ಕೊಟ್ಟಿರುವ ಒಂದೇ ಅಂಕೆಯನ್ನು ಎತ್ತಿಕೊಳ್ಳುವುದು. ಫೆಡೋರಾ ಮೊದಲಾದ ಬೇರೆ ವ್ಯವಸ್ಥೆಗಳಲ್ಲಿ ಉಪಕರಣದ ಹೆಸರು ಬೇರೆ; ಕಟ್ಟಿದ ಕಡತವನ್ನು ಓದಿ ಬೇಡಿಕೆಯನ್ನು ಬರೆಯುವ ಕ್ರಮ ಇದರಂತೆಯೇ.

ಪ್ರತ್ಯಕ್ಷ ಪ್ರಮಾಣವೊಂದನ್ನು ಕೊಡುತ್ತೇವೆ. ಗ್ನು ಸಂಸ್ಥೆಯವರ ‘ಹಲೋ’ ಎಂಬ ತಂತ್ರಾಂಶವಿದೆ. ‘ನಮಸ್ಕಾರ, ಲೋಕವೇ’ ಎಂಬಂತಹ ಒಂದು ಸಾಲನ್ನು ತೆರೆಯ ಮೇಲೆ ತೋರಿಸುವುದಷ್ಟೇ ಅದರ ಕೆಲಸ. ಬರೆಯ ಕಲಿಯುವವರಿಗೆ ಮೇಲ್ಪಂಕ್ತಿಯಾಗಿ ಅದನ್ನು ಇಟ್ಟಿದ್ದಾರೆ. ೨೦೨೧ರಲ್ಲಿ ಹೊರಬಿದ್ದ ಡೆಬಿಯನ್ ೧೧ರಲ್ಲಿಯೂ ೨೦೨೩ರಲ್ಲಿ ಹೊರಬಿದ್ದ ಡೆಬಿಯನ್ ೧೨ರಲ್ಲಿಯೂ ಅದರ ಮೂಲ ೨.೧೦ನೆಯ ಆವೃತ್ತಿಯೇ. ಆದರೂ ೧೧ರ ಪ್ಯಾಕೇಜು ಕೇಳುವುದು ಲಿಬ್‌ಸಿ೬ರ ೨.೧೪ನ್ನು, ೧೨ರ ಪ್ಯಾಕೇಜು ಕೇಳುವುದು ೨.೩೪ನ್ನು. ನಮಸ್ಕಾರ ಹೇಳುವ ಕೆಲಸದಲ್ಲಿ ಈ ಎರಡು ವರ್ಷಗಳಲ್ಲಿ ಯಾವ ಹೊಸ ಕಷ್ಟವೂ ಹುಟ್ಟಲಿಲ್ಲ. ಹುಟ್ಟಿದ್ದು ಕಟ್ಟಿದ ಮನೆಯಲ್ಲಿನ ಬದಲಾವಣೆ. ಎಲ್ಲ ತಂತ್ರಾಂಶಗಳಿಗೂ ತಳಹದಿಯಾದ ‘ಗ್ಲಿಬ್‌ಸಿ’ ಎಂಬ ಲೈಬ್ರರಿಯ ೨.೩೪ನೆಯ ಆವೃತ್ತಿಯು ೨೦೨೧ರ ಆಗಸ್ಟಿನಲ್ಲಿ ಬಂದಿತು. ಅದರಲ್ಲಿ, ಪ್ರತಿಯೊಂದು ತಂತ್ರಾಂಶವನ್ನೂ ಮೊದಲು ಎಬ್ಬಿಸಿ ನಡೆಸುವ ಕಾರ್ಯಕ್ಕೆ ಹೊಸ ಮುದ್ರೆಯನ್ನು ಒತ್ತಿದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸಾಮಾನ್ಯ ರೀತಿಯಲ್ಲಿ ಕಟ್ಟಿದ ಯಾವ ತಂತ್ರಾಂಶವೇ ಆಗಲಿ, ಅದು ಎಷ್ಟೇ ಸಣ್ಣದಾಗಲಿ, ಆ ಮುದ್ರೆಯನ್ನು ಹೊತ್ತೇ ಹೊರಡುವುದು. ಡೆಬಿಯನ್ ೧೧ರಲ್ಲಿರುವ ಗ್ಲಿಬ್‌ಸಿಯು ೨.೩೧. ಆದುದರಿಂದ ೧೨ರಲ್ಲಿ ಕಟ್ಟಿದ ನಮಸ್ಕಾರವು ೧೧ರ ಬಾಗಿಲಲ್ಲಿ ನಿಲ್ಲಬೇಕಾಯಿತು. ಅದೇ ಮೂಲವನ್ನು ೧೧ರ ಒಳಗೇ ಕಟ್ಟಿದರೆ ಒಂದಕ್ಷರವನ್ನೂ ತಿದ್ದದೆ ಬೇಡಿಕೆ ತಾನಾಗಿ ಇಳಿಯುತ್ತದೆ. ಮೊದಲು ಹೇಳಿದ ೨.೩೪ರ ಗುಟ್ಟು ಇಷ್ಟೇ.

ಕಟ್ಟುವಾಗ ಬೇಕಾದುದೆಲ್ಲ ನಡೆಸುವಾಗಲೂ ಬೇಕೆಂದು ಭಾವಿಸಬಾರದು. ಕನ್ನಡದ ಅಕ್ಷರಮಾದರಿಗಳು, ಎಂದರೆ ಫಾಂಟುಗಳು, ಇದಕ್ಕೆ ಒಳ್ಳೆಯ ನಿದರ್ಶನ. ಲೋಹಿತ್ ಎಂಬ ಫಾಂಟಿನ ಮೂಲವನ್ನು ಸಿದ್ಧರೂಪಕ್ಕೆ ತರಲು ಫಾಂಟ್‌ಫೋರ್ಜ್ ಎಂಬ ಸಾಧನವು ಬೇಕು. ಫಾಂಟು ಸಿದ್ಧವಾದ ಮೇಲೆ ಅದನ್ನು ಉಪಯೋಗಿಸುವ ಮನೆಯಲ್ಲಿ ಆ ಸಾಧನದ ಅಗತ್ಯವೇ ಇಲ್ಲ. ಸೀರೆ ಕೊಂಡವರ ಮನೆಗೆ ಯಾರೂ ಮಗ್ಗವನ್ನು ಹೊರಿಸಿ ಕಳುಹಿಸುವುದಿಲ್ಲ. ಡೆಬಿಯನ್ನಿನಲ್ಲಿ ಕನ್ನಡದ ಫಾಂಟುಗಳನ್ನೆಲ್ಲ ಒಟ್ಟಿಗೆ ತರಿಸುವ ಒಂದು ಪ್ಯಾಕೇಜು ಉಂಟು. ಅದರೊಳಗೆ ಸ್ವಂತದ್ದೆಂಬ ಫಾಂಟು ಒಂದೂ ಇಲ್ಲ. ಲೋಹಿತ್, ಗುಬ್ಬಿ, ನವಿಲು ಎಂಬ ಹೆಸರುಗಳ ಬೇಡಿಕೆಯ ಪಟ್ಟಿಯೇ ಅದರ ಸರ್ವಸ್ವ. ಅಂತಹ ಪಟ್ಟಿಯನ್ನು ಯಾವ ಉಪಕರಣವೂ ಲೆಕ್ಕಮಾಡಿ ಕೊಡಲಾರದು. ಮನುಷ್ಯನೇ ಬರೆಯಬೇಕು.

ಮನುಷ್ಯನೇ ಬರೆಯಬೇಕಾದ ಇನ್ನೊಂದು ಸಂದರ್ಭವು ಇದಕ್ಕಿಂತ ಸೂಕ್ಷ್ಮವಾದುದು. ವಾಕ್ಯದಿಂದ ಅರ್ಥಬೋಧೆಯಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಒಂದು ಪದವು ಇನ್ನೊಂದು ಪದವನ್ನು ಬಯಸುವುದು ಆಕಾಂಕ್ಷೆ. ಆ ಎರಡು ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವುದು ಯೋಗ್ಯತೆ. ‘ಬೆಂಕಿಯಿಂದ ಗಿಡವನ್ನು ನೆನೆಸುತ್ತಾನೆ’ ಎಂಬಲ್ಲಿ ಆಕಾಂಕ್ಷೆಗೆ ಕೊರತೆಯಿಲ್ಲ, ಇಲ್ಲದಿರುವುದು ಯೋಗ್ಯತೆ. ಮೇಲೆ ಹೇಳಿದ ಉಪಕರಣವು ಆಕಾಂಕ್ಷೆಯನ್ನು ಚೆನ್ನಾಗಿ ಬಲ್ಲದು, ಯೋಗ್ಯತೆಯನ್ನು ಅರಿಯದು. ಹೆಸರು ಇದೆಯೇ ಎಂದು ನೋಡುತ್ತದೆ. ಆ ಹೆಸರಿನವನು ಈ ಕೆಲಸಕ್ಕೆ ತಕ್ಕವನೇ ಎಂಬುದು ಅದಕ್ಕೆ ಕಾಣದು.

ನಮ್ಮ ಹಳಗನ್ನಡದಿಂದಲೇ ಇದಕ್ಕೆ ಉದಾಹರಣೆಯುಂಟು. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರವನ್ನು ಬರೆಯುವುದಕ್ಕೆ ನಕಾರಪೊಲ್ಲು ಎಂಬ ಪ್ರತ್ಯೇಕ ರೂಪವಿದ್ದಿತು. ಪ್ರಪಂಚದ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಈ ಅಕ್ಷರಕ್ಕೆ ಸ್ಥಾನ ದೊರೆತುದು ೨೦೨೧ರ ಸೆಪ್ಟೆಂಬರಿನಲ್ಲಿ, ೧೪ನೆಯ ಆವೃತ್ತಿಯಲ್ಲಿ. ಕನ್ನಡದ ಒತ್ತಕ್ಷರಗಳನ್ನೂ ಗುಣಿತಗಳನ್ನೂ ತೆರೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಲೈಬ್ರರಿಯು ಆ ೧೪ನೆಯ ಆವೃತ್ತಿಯ ವಿವರಗಳನ್ನು ಸೇರಿಸಿಕೊಂಡದ್ದು ಅದೇ ತಿಂಗಳು ಬಂದ ತನ್ನ ೩.೦.೦ರಲ್ಲಿ. ಡೆಬಿಯನ್ ೧೧ರಲ್ಲಿರುವುದು ಅದರ ೨.೭.೪, ಅದಕ್ಕೆ ಈ ನಕಾರವು ಯಾವ ಜಾತಿಯ ಅಕ್ಷರವೆಂಬುದೇ ತಿಳಿಯದು. ಈಗ, ಹಳಗನ್ನಡದ ಕಾವ್ಯಗಳನ್ನು ತೋರಿಸುವ ಒಂದು ತಂತ್ರಾಂಶವನ್ನು ಯಾರಾದರೂ ಬರೆದರೆಂದು ಇಟ್ಟುಕೊಳ್ಳೋಣ. ಅಕ್ಷರಗಳನ್ನು ಜೋಡಿಸೆಂದು ಹಾರ್ಫ್‌ಬಜ್ಜನ್ನು ಕೇಳುವ ಕಾರ್ಯದ ಹೆಸರು ಬಹಳ ವರ್ಷಗಳಿಂದ ಇದ್ದದ್ದೇ. ಉಪಕರಣವು ಆ ಹೆಸರನ್ನು ಮಾತ್ರ ನೋಡಿ, ‘ಹಳೆಯ ಆವೃತ್ತಿಯೇ ಸಾಕು’ ಎಂದು ಬರೆದುಬಿಡುವುದು. ೩.೦.೦ ಬೇಕೆಂಬ ಮಾತನ್ನು ನಕಾರಪೊಲ್ಲನ್ನು ಬಲ್ಲವರೇ ಕೈಯಿಂದ ಬರೆಯಬೇಕು. ಭಾಷೆಯನ್ನು ಬಲ್ಲ ಪಂಡಿತರಿಗೂ ಯಂತ್ರವನ್ನು ಬಲ್ಲ ಯುವಕರಿಗೂ ಪರಸ್ಪರ ಮಾತಿಲ್ಲದಿದ್ದರೆ ಈ ಒಂದು ಸಾಲು ಎಂದಿಗೂ ಬರೆಯಲ್ಪಡುವುದಿಲ್ಲ.

ಹಳೆಯದರಲ್ಲಿ ಹೊಸ ಹೆಸರು ಇಲ್ಲದಿರುವುದು ಒಂದು ತೊಂದರೆಯಾದರೆ, ಹೊಸದರಲ್ಲಿ ಹಳೆಯ ನಡತೆ ಉಳಿಯದಿರುವುದು ಮತ್ತೊಂದು. ಲೈಬ್ರರಿಯೊಂದು ತನ್ನ ಹಿಂದಿನ ಒಪ್ಪಂದವನ್ನು ಮುರಿಯಬೇಕಾಗಿ ಬಂದಾಗ, ಸಭ್ಯರಾದವರು ಅದರ ಹೆಸರನ್ನೇ ಬದಲಾಯಿಸುವರು. ಗುಪ್ತಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯು ೨೦೨೧ರಲ್ಲಿ ೩.೦ನೆಯ ಆವೃತ್ತಿಗೆ ಬಂದಾಗ ಹೀಗಾಯಿತು. ಡೆಬಿಯನ್ ೧೧ರಲ್ಲಿ ‘ಲಿಬ್‌ಎಸ್‌ಎಸ್‌ಎಲ್೧.೧’ ಎಂದಿದ್ದುದು ೧೨ರಲ್ಲಿ ‘ಲಿಬ್‌ಎಸ್‌ಎಸ್‌ಎಲ್೩’ ಆಯಿತು. ಹಳೆಯ ಹೆಸರನ್ನು ಕೇಳುವ ಪ್ಯಾಕೇಜಿಗೆ ಹೊಸ ಮನೆಯಲ್ಲಿ ಉತ್ತರ ಕೊಡುವವರಿಲ್ಲ. ಅದನ್ನು ಮೂಲದಿಂದ ಪುನಃ ಕಟ್ಟಬೇಕು. ಕಟ್ಟಿದ ಪ್ಯಾಕೇಜು ಮಾತ್ರ ಇದ್ದು ಮೂಲ ಕೈಯಲ್ಲಿಲ್ಲದವರ ಪಾಡು ಇಲ್ಲಿ ನಿಂತಿತು. ಮೂಲವನ್ನು ಕೊಡದ ತಂತ್ರಾಂಶಗಳಿಗಾಗಿ ಒಂದು ಊರಿನ ಲೆಕ್ಕಪತ್ರಗಳನ್ನೋ ಶಾಲೆಯ ದಾಖಲೆಗಳನ್ನೋ ಒಪ್ಪಿಸುವ ಮುನ್ನ ಈ ಸಂಗತಿಯನ್ನು ಯೋಚಿಸಬೇಕು.

ಕಟ್ಟುವ ಮನೆಯು ಬೇಡಿಕೆಯ ಅಂಕೆಯನ್ನು ಏರಿಸುವುದಲ್ಲದೆ, ಕೆಲವು ವೇಳೆ ಕೇಳದ ನೆಂಟರನ್ನೂ ಒಳಗೆ ಸೇರಿಸುವುದು. ಅನೇಕ ಮೂಲಗಳೊಡನೆ ‘ಕಾನ್‌ಫಿಗರ್’ ಎಂಬ ಒಂದು ಪರೀಕ್ಷೆಯ ಕಡತವು ಬರುವುದು. ಅದು ಕಟ್ಟುವ ಮೊದಲು ಮನೆಯನ್ನೆಲ್ಲ ಒಮ್ಮೆ ನೋಡಿ, ‘ಇಂತಹ ಲೈಬ್ರರಿ ಇಲ್ಲಿದೆ, ಇದನ್ನು ಉಪಯೋಗಿಸೋಣ, ಇಂತಹುದು ಇಲ್ಲ, ಬಿಟ್ಟು ಕಟ್ಟೋಣ’ ಎಂದು ನಿಶ್ಚಯಿಸುತ್ತದೆ. ಕಟ್ಟುವವನು ತನ್ನ ಸ್ವಂತ ಕೆಲಸಕ್ಕೆಂದು ಎಂದೋ ತಂದಿಟ್ಟ ಲೈಬ್ರರಿಯು ಅದರ ಕಣ್ಣಿಗೆ ಬಿದ್ದರೆ, ಆ ಪ್ಯಾಕೇಜನ್ನು ಪಡೆಯುವ ಎಲ್ಲರಿಗೂ ಅದು ಅನಿವಾರ್ಯವಾಗುವುದು. ಮನೆಯಲ್ಲಿಯೇ ಎಲ್ಲವನ್ನೂ ಮೂಲದಿಂದ ಕಟ್ಟಿಕೊಳ್ಳುವ ಜೆಂಟೂ ವ್ಯವಸ್ಥೆಯವರು ಈ ದೋಷವನ್ನು ಬಹಳ ಹಿಂದೆಯೇ ಗುರುತಿಸಿ ಹೆಸರಿಟ್ಟಿದ್ದಾರೆ. ಆದುದರಿಂದಲೇ ಡೆಬಿಯನ್ನಿನವರು ಪ್ಯಾಕೇಜುಗಳನ್ನು ಕಟ್ಟಲು ಪ್ರತ್ಯೇಕ ಯಂತ್ರಗಳನ್ನು ಇಟ್ಟಿದ್ದಾರೆ. ಒಂದೊಂದು ಸಲವೂ ಬರಿದಾದ ಒಂದು ಕೋಣೆಯಂತಹ ಸ್ಥಳವನ್ನು ಏರ್ಪಡಿಸಿ, ಕಂಟ್ರೋಲ್ ಕಡತದ ಮೊದಲನೆಯ ಪಟ್ಟಿಯಲ್ಲಿರುವುದನ್ನೂ ಎಲ್ಲಕ್ಕೂ ಸಾಮಾನ್ಯವಾಗಿ ಬೇಕಾದುದನ್ನೂ ಮಾತ್ರ ಅದರೊಳಗೆ ತಂದು, ಅಲ್ಲಿ ಕಟ್ಟುವರು. ಮಡಿಯಲ್ಲಿ ಅಡಿಗೆ ಮಾಡುವ ನಮ್ಮ ಹೆಂಗಸರಿಗೆ ಈ ಏರ್ಪಾಡಿನ ಉದ್ದೇಶವನ್ನು ವಿವರಿಸಬೇಕಾಗಿಲ್ಲ.

ಕರ್ತೃವು ಬಯಸದ ಅವಲಂಬನೆಯು ಎಂತಹ ಅನರ್ಥಕ್ಕೆ ಎಡೆಕೊಡಬಹುದೆಂಬುದು ೨೦೨೪ರಲ್ಲಿ ಲೋಕಕ್ಕೆ ತಿಳಿಯಿತು. ದೂರದ ಯಂತ್ರಗಳೊಳಗೆ ಸುರಕ್ಷಿತವಾಗಿ ಪ್ರವೇಶಿಸಲು ಓಪನ್‌ಎಸ್‌ಎಸ್‌ಎಚ್ ಎಂಬ ತಂತ್ರಾಂಶವನ್ನು ಎಲ್ಲೆಡೆಯೂ ಬಳಸುವರು. ಅದರ ಮೂಲವು ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬುದರ ಲೈಬ್ರರಿಯನ್ನು ಕೇಳುವುದೇ ಇಲ್ಲ. ಆದರೆ ಡೆಬಿಯನ್ ಮೊದಲಾದ ಕೆಲವು ವ್ಯವಸ್ಥೆಗಳವರು ತಮ್ಮ ಅನುಕೂಲಕ್ಕಾಗಿ ಅದನ್ನು ಸಿಸ್ಟಮ್‌ಡಿಯ ಲೈಬ್ರರಿಗೆ ಸೇರಿಸಿ ಕಟ್ಟುತ್ತಿದ್ದರು. ಆ ಲೈಬ್ರರಿಯು ಎಕ್ಸ್‌ಜೆಡ್ಡಿನದನ್ನು ಕೇಳುತ್ತಿತ್ತು. ಹೀಗೆ ನೆಂಟನ ನೆಂಟನಾಗಿ ಎಕ್ಸ್‌ಜೆಡ್ ಒಳಗೆ ಬಂದಿತು. ಅದರ ೫.೬.೦ ಮತ್ತು ೫.೬.೧ನೆಯ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲನ್ನು ಇಟ್ಟಿದ್ದರು. ಆ ಬಾಗಿಲನ್ನು ಕಟ್ಟುವ ಹೊತ್ತಿನಲ್ಲಿ ಜೋಡಿಸುವ ಸಾಲುಗಳು ಎಲ್ಲರೂ ನೋಡುತ್ತಿದ್ದ ಸಾರ್ವಜನಿಕ ಮೂಲದಲ್ಲಿರದೆ, ಬಿಡುಗಡೆಗೆಂದು ಸಿದ್ಧಪಡಿಸಿದ ಕಂತೆಯಲ್ಲಿ ಮಾತ್ರ ಇದ್ದುವು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಕಾಲ ಹೆಚ್ಚಾಗುತ್ತಿರುವುದನ್ನು ಗಮನಿಸಿ, ಕಾರಣವನ್ನು ಹುಡುಕುತ್ತ ಹೋಗಿ, ೨೦೨೪ರ ಮಾರ್ಚಿ ೨೯ರಂದು ಇದನ್ನು ಬಯಲಿಗೆ ತಂದರು. ಡೆಬಿಯನ್ನಿನ ಸ್ಥಿರವಾದ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲವೆಂಬುದು ಸಮಾಧಾನದ ಸಂಗತಿ.

ಇಂತಹುದಕ್ಕೆ ಕಾವಲು ಯಾವುದು? ನಮ್ಮ ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಲಿಪಿಕಾರನು ಇಂತಹ ಸಂವತ್ಸರ, ಇಂತಹ ಮಾಸ, ಇಂತಹ ಊರಿನಲ್ಲಿ ಬರೆದೆನೆಂದು ಪುಷ್ಪಿಕೆಯನ್ನು ಬರೆಯುವುದುಂಟು. ಪಾಠಭೇದಗಳನ್ನು ಪರಿಶೀಲಿಸುವವರಿಗೆ ಅದು ದೊಡ್ಡ ಸಹಾಯ. ಡೆಬಿಯನ್ನಿನವರೂ ಹೀಗೆಯೇ ‘ಬಿಲ್ಡ್‌ಇನ್‌ಫೋ’ ಎಂಬ ಕಡತವೊಂದನ್ನು ಬರೆದಿಡುವರು. ಕಟ್ಟಿದಾಗ ಆ ಕೋಣೆಯಲ್ಲಿ ಯಾವ ಯಾವ ಪ್ಯಾಕೇಜುಗಳ ಯಾವ ಯಾವ ಆವೃತ್ತಿಗಳಿದ್ದುವು ಎಂಬುದೆಲ್ಲ ಅದರಲ್ಲಿರುವುದು. ಅದನ್ನು ಹಿಡಿದುಕೊಂಡು ಬೇರೊಬ್ಬನು ಬೇರೊಂದೆಡೆಯಲ್ಲಿ ಅದೇ ಮೂಲವನ್ನು ಅದೇ ಸಾಮಗ್ರಿಯಿಂದ ಕಟ್ಟಿದರೆ ಅಕ್ಷರಶಃ ಅದೇ ಪ್ಯಾಕೇಜು ಬರಬೇಕು. ಬಾರದಿದ್ದರೆ ಕಾರಣವನ್ನು ಹುಡುಕಬೇಕು. ೨೦೧೩ರಿಂದ ಈ ಉದ್ಯಮವು ಡೆಬಿಯನ್ನಿನಲ್ಲಿ ನಡೆದುಬಂದಿದೆ. ನಂಬಿಕೆಯೆಂಬುದು ಮಾತಿನಿಂದ ಬಾರದು, ಮತ್ತೆ ಮಾಡಿ ನೋಡಿದಾಗ ಸರಿಬರುವುದರಿಂದ ಬರುವುದು.

ಇನ್ನು ಹಳೆಯ ಯಂತ್ರಗಳ ಮಾತಿಗೆ ಬರೋಣ. ಬೇಡಿಕೆಯು ಕಟ್ಟಿದ ಮನೆಯಿಂದ ಬರುವುದಾದರೆ ಪರಿಹಾರವೂ ಅಲ್ಲಿಯೇ ಇದೆ: ಯಾರಿಗಾಗಿ ಕಟ್ಟುತ್ತೇವೆಯೋ ಅವರಲ್ಲಿ ಅತ್ಯಂತ ಹಳೆಯ ಮನೆಯಲ್ಲಿ ಕಟ್ಟಬೇಕು. ಹಳೆಯದರಲ್ಲಿ ಕಟ್ಟಿದುದು, ಲೈಬ್ರರಿಯ ಹೆಸರೇ ಬದಲಾಗದಿದ್ದ ಪಕ್ಷದಲ್ಲಿ, ಹೊಸದರಲ್ಲಿಯೂ ನಡೆಯುವುದು. ಹೊಸದರಲ್ಲಿ ಕಟ್ಟಿದುದು ಹಳೆಯದರಲ್ಲಿ ನಡೆಯುವುದೆಂಬ ಭರವಸೆಯಿಲ್ಲ. ಡೆಬಿಯನ್ನಿನಲ್ಲಿ ‘ಬ್ಯಾಕ್‌ಪೋರ್ಟ್ಸ್’ ಎಂಬ ವಿಭಾಗವು ಇದಕ್ಕಾಗಿಯೇ ಇದೆ. ಹೊಸ ಮೂಲವನ್ನು ತಂದು ಹಿಂದಿನ ಸ್ಥಿರವಾದ ವ್ಯವಸ್ಥೆಯೊಳಗೆ ಪುನಃ ಕಟ್ಟಿ ಕೊಡುವುದೇ ಅದರ ಕೆಲಸ. ಪೈಥಾನ್ ಭಾಷೆಯವರು ಅನೇಕ ಲಿನಕ್ಸ್ ಮನೆಗಳಿಗೆ ಸಲ್ಲುವ ಪೊಟ್ಟಣಗಳನ್ನು ಮಾಡಲು ‘ಮೆನಿಲಿನಕ್ಸ್’ ಎಂಬ ನಿಯಮಗಳನ್ನು ಮಾಡಿಕೊಂಡಾಗಲೂ ಇದೇ ಮ‌ಾರ್ಗವನ್ನು ಹಿಡಿದರು. ಅವುಗಳಲ್ಲಿ ೨೦೧೪ ಎಂಬ ಅಂಕಿತವುಳ್ಳ ನಿಯಮದ ಪ್ರಕಾರ ಗ್ಲಿಬ್‌ಸಿಯ ೨.೧೭ಕ್ಕಿಂತ ಹೊಸದನ್ನು ಕೇಳಕೂಡದು. ಕಟ್ಟುವವನ ಯಂತ್ರ ಎಷ್ಟು ಹೊಸದಾದರೂ, ಕಟ್ಟುವ ಕೋಣೆ ಮಾತ್ರ ಬೇಕೆಂದೇ ಹಳೆಯದು.

ಈ ನಿಯಮದ ಮಹತ್ವವನ್ನು ಕನ್ನಡಿಗರು ಕಾಸರಗೋಡಿನಲ್ಲಿ ಕಾಣಬಹುದು. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳು ಕೇರಳ ರಾಜ್ಯದ ವಿದ್ಯಾವ್ಯವಸ್ಥೆಗೆ ಸೇರಿದುವು. ಕೇರಳದವರು ೨೦೦೧ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆಯನ್ನು ಆರಂಭಿಸಿ, ಮುಂದೆ ಶಾಲೆಗಳಿಗೆಲ್ಲ ಸ್ವತಂತ್ರ ತಂತ್ರಾಂಶವನ್ನೇ ಗೊತ್ತುಮಾಡಿದರು. ೨೦೧೭ರಲ್ಲಿ ಆ ಯೋಜನೆಯು ‘ಕೈಟ್’ ಎಂಬ ಸಂಸ್ಥೆಯಾಯಿತು. ಅವರು ಶಾಲೆಗಳಿಗೆ ಕೊಡುವ ವ್ಯವಸ್ಥೆಗೆ ಉಬುಂಟುವೇ ಆಧಾರ; ಒಂದು ಕಾಲದಲ್ಲಿ ೧೮.೦೪ನೆಯ ಆವೃತ್ತಿ, ಅನಂತರ ೨೨.೦೪. ಈಗ ಲೆಕ್ಕ ಹಾಕಿ ನೋಡೋಣ. ಉಬುಂಟು ೧೮.೦೪ರಲ್ಲಿನ ಗ್ಲಿಬ್‌ಸಿ ೨.೨೭, ೨೨.೦೪ರಲ್ಲಿನದು ೨.೩೫. ಕನ್ನಡದ ಕಾಗುಣಿತವನ್ನು ಕಲಿಸುವ ಒಂದು ತಂತ್ರಾಂಶವನ್ನು ೨೨.೦೪ರಲ್ಲಿ ಕಟ್ಟಿ ಕಳುಹಿಸಿದರೆ, ಅದು ೨.೩೪ರ ಮುದ್ರೆಯನ್ನು ಹೊತ್ತು ಹೋಗಿ, ಹಳೆಯ ವ್ಯವಸ್ಥೆಯನ್ನೇ ಇಟ್ಟುಕೊಂಡ ಶಾಲೆಯಲ್ಲಿ ನಡೆಯದೆ ಹೋಗುವುದು. ೧೮.೦೪ರ ಕೋಣೆಯಲ್ಲಿ ಕಟ್ಟಿದರೆ ಎರಡು ಕಡೆಯೂ ನಡೆಯುವ ಸಂಭವ ಹೆಚ್ಚು. ಮಕ್ಕಳಿಗೆ ಪಾಠ ಸಿಕ್ಕುವುದೂ ಸಿಕ್ಕದಿರುವುದೂ ಕಟ್ಟಿದವನ ಈ ಒಂದು ವಿವೇಕದ ಮೇಲೆ ನಿಂತಿದೆ. ಮೂಲದ ಒಂದು ಸಾಲನ್ನೂ ಅದಕ್ಕಾಗಿ ಬದಲಾಯಿಸಬೇಕಾಗಿಲ್ಲ.

ಹಾಗೆಂದು ಹಳೆಯ ವ್ಯವಸ್ಥೆಯನ್ನು ಎಂದೆಂದಿಗೂ ಬಿಡಬೇಡಿರೆಂದು ನಾವು ಹೇಳುವುದಿಲ್ಲ. ರಕ್ಷಣೆಯ ತಿದ್ದುಪಾಟುಗಳು ನಿಂತುಹೋದ ವ್ಯವಸ್ಥೆಯನ್ನು ಇಂಟರ್‌ನೆಟ್ಟಿಗೆ ಸೇರಿಸಿಡುವುದು ಬಾಗಿಲಿಗೆ ಅಗುಳಿಯಿಲ್ಲದ ಮನೆಯಲ್ಲಿ ಮಲಗಿದಂತೆ. ಉಬುಂಟು ೧೮.೦೪ಕ್ಕೆ ಸಾಮಾನ್ಯವಾದ ತಿದ್ದುಪಾಟುಗಳು ೨೦೨೩ರಲ್ಲಿಯೇ ನಿಂತುವು. ಯಂತ್ರವು ತಾಳುವುದಾದರೆ ಹೊಸ ವ್ಯವಸ್ಥೆಯನ್ನು ಹಾಕಿಸುವುದೇ ಮೇಲು. ಯಂತ್ರ ಹಳೆಯದಾಗುವುದು ಬೇರೆ, ಅದರೊಳಗಿನ ವ್ಯವಸ್ಥೆ ಹಳೆಯದಾಗುವುದು ಬೇರೆ; ಎಷ್ಟೋ ಹಳೆಯ ಯಂತ್ರಗಳು ಹೊಸ ಡೆಬಿಯನ್ನನ್ನು ಹೊತ್ತು ಸುಖವಾಗಿ ನಡೆಯುತ್ತವೆ.

ಆದುದರಿಂದ ಹದಿನಾರಿನಂತಹ ಊರಿನ ಗೃಹಸ್ಥರಿಗೆ ನಮ್ಮ ಸೂಚನೆ ಮೂರು. ಯಂತ್ರವು ಯಾವುದಾದರೂ ತಂತ್ರಾಂಶವನ್ನು ನಿರಾಕರಿಸಿದರೆ ಆ ಸಾಲನ್ನು ಹಾಗೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ‘ಆಗುವುದಿಲ್ಲ’ ಎಂಬುದಕ್ಕಿಂತ ‘ಇಂತಹುದು ಬೇಕು’ ಎಂಬುದು ಬಲ್ಲವರಿಗೆ ಹೆಚ್ಚು ಉಪಯುಕ್ತ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ‘ಆಪ್ಟ್ ಶೋ’ ಎಂಬ ಆಜ್ಞೆಯ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದರ ಬೇಡಿಕೆಯ ಪಟ್ಟಿಯೆಲ್ಲ ಕಾಣುವುದು. ಎರಡನೆಯದಾಗಿ, ಎಲ್ಲಿಂದಲೋ ಬಂದ ಸಿದ್ಧ ಪೊಟ್ಟಣವನ್ನು ಬಲವಂತದಿಂದ ತುರುಕದೆ, ನಿಮ್ಮ ವ್ಯವಸ್ಥೆಗೆಂದೇ ಕಟ್ಟಿದುದು ಅದರ ಸ್ವಂತ ಭಂಡಾರದಲ್ಲಿದೆಯೇ ಎಂದು ಮೊದಲು ನೋಡಿರಿ. ಮೂರನೆಯದು ನಿಮ್ಮ ಮಕ್ಕಳಿಗೆ. ಅವರು ಬೆಂಗಳೂರಿನ ಹೊಸ ಯಂತ್ರಗಳ ಮುಂದೆ ಕುಳಿತು ಕನ್ನಡಕ್ಕಾಗಿ ಏನನ್ನಾದರೂ ಕಟ್ಟುವಾಗ, ಅದು ಕಡೆಗೆ ಯಾರ ಮನೆಯ ಯಂತ್ರವನ್ನು ಸೇರಬೇಕೆಂಬುದನ್ನು ನೆನೆಯಲಿ. ತಾವು ಊರಿಗೆ ಕಳುಹಿಸಿದ ಹಳೆಯ ಯಂತ್ರದಲ್ಲಿ ತಾವೇ ಕಟ್ಟಿದ ತಂತ್ರಾಂಶವು ನಡೆಯುವಂತೆ ಕಟ್ಟಿದರೆ, ಆ ಯಂತ್ರವು ಅಟ್ಟವನ್ನೇರದೆ ಇನ್ನೂ ಕೆಲವು ವರ್ಷ ಜಗುಲಿಯಲ್ಲಿಯೇ ಉಳಿಯುವುದು.